ಮರದ ಮೈಮೇಲಿನ ಗಾಯ ನೋಡಿ ಡಿಸ್ಕ್ ಗಾಲ್ಫ್ ಕೋರ್ಸ್ ಅಳೆದದ್ದು: ನನ್ನ ಅನುಭವ

ಡಿಸ್ಕ್ ಗಾಲ್ಫ್ ಅಂದರೆ ಗಾಲ್ಫ್ ತರಹದ್ದೇ ಆಟ, ಚೆಂಡಿನ ಬದಲು ತಟ್ಟೆಯಂಥ ಡಿಸ್ಕನ್ನು ಎಸೆದು ಬಾಸ್ಕೆಟ್‌ಗೆ ಹಾಕೋದು; ಅಂಥ ಒಂದೊಂದು ದಾರಿಗೂ ಹೋಲ್ ಅಂತಲೇ ಹೆಸರು. ಕಳೆದ ನವೆಂಬರ್‌ನಲ್ಲಿ ನಮ್ಮ ಕ್ಲಬ್ಬಿನವರು ಹೋಲ್ 7ರ ಎರಡು ಮರ ಕಡಿದರು. ಟೀಯನ್ನು, ಅಂದರೆ ಮೊದಲ ಎಸೆತಕ್ಕೆ ನಿಲ್ಲುವ ಜಾಗವನ್ನು, ಎಂಟು ಅಡಿ ಎಡಕ್ಕೆ ಸರಿಸಿದರು. ಆ ಎರಡು ಮರಗಳ ಮಾತು ಎತ್ತಿದವನು ನಾನು, ಎತ್ತಿ ಹತ್ತಿರ ಹತ್ತಿರ ಎರಡು ವರ್ಷ ಆಗಿತ್ತು. ಅವತ್ತು ನಕ್ಕವರೇ ಈಗ ಗರಗಸ ಹಿಡಿದು ಬಂದಿದ್ದರು. ಅದಕ್ಕೇ ಬರೆಯುತ್ತಿದ್ದೇನೆ, ಸುಳ್ಳು ಯಾಕೆ ಹೇಳಲಿ.

ನಾನಿರುವುದು ನಾರ್ತ್ ಕೆರೊಲಿನಾದ ಶಾರ್ಲೆಟ್‌ನಲ್ಲಿ. ಹಾರ್ನೆಟ್ಸ್ ನೆಸ್ಟ್, ನೆವಿನ್, ರೆನೈಸಾನ್ಸ್, ಇಲ್ಲಿನ ಯಾವ ಕೋರ್ಸಿಗೆ ಹೋದರೂ ಪೈನ್, ಓಕ್, ಸ್ವೀಟ್‌ಗಮ್ ಮರಗಳ ನಡುವೆ ಎಸೆಯಲೇಬೇಕು. 2012ರ ವಿಶ್ವ ಚಾಂಪಿಯನ್‌ಶಿಪ್ ನಡೆದದ್ದು ಇದೇ ಊರಿನಲ್ಲಿ. ಅರ್ಧ ಗಂಟೆ ದಕ್ಷಿಣಕ್ಕೆ ಹೋದರೆ ರಾಕ್ ಹಿಲ್‌ನ ವಿಂಥ್ರಾಪ್, 1999ರಲ್ಲಿ ಯು.ಎಸ್. ಚಾಂಪಿಯನ್‌ಶಿಪ್ ಶುರುವಾದ ಜಾಗ. ಅಲ್ಲಿ ಬಯಲಿಗೆ ಹಳದಿ ಹಗ್ಗ ಕಟ್ಟಿ ಗಡಿ ಮಾಡುತ್ತಾರೆ. ಹಗ್ಗ ದಾಟಿದರೆ ಎಲ್ಲರಿಗೂ ಒಂದೇ ದಂಡ. ಕಾಡಿನಲ್ಲಿ ಹಾಗಲ್ಲ. ಒಬ್ಬನ ಡಿಸ್ಕ್ ತೊಗಟೆ ಸವರಿಕೊಂಡು ಬಾಸ್ಕೆಟ್ ಬುಡಕ್ಕೆ ಬೀಳುತ್ತದೆ. ಅಷ್ಟೇ ತಪ್ಪು ಮಾಡಿದ ಇನ್ನೊಬ್ಬನದು ಮೂವತ್ತು ಅಡಿ ಹಿಂದಕ್ಕೆ ಹಾರಿ ಮುಳ್ಳುಬಳ್ಳಿಯೊಳಗೆ ಕೂರುತ್ತದೆ. ಹಾಗಾದರೆ ಕಾಡಿನ ಹೋಲ್ ಒಂದು ಚೆನ್ನಾಗಿದೆಯೋ ಇಲ್ಲವೋ ಅಂತ ಹೇಳೋದು ಹೇಗೆ?

ಮೊದಲ ವರ್ಷ ನಾನೂ ಎಲ್ಲರ ಹಾಗೇ ಹೇಳುತ್ತಿದ್ದೆ. ನನಗೆ ಬರ್ಡಿ (ನಿಗದಿಗಿಂತ ಒಂದು ಎಸೆತ ಕಡಿಮೆ) ಬಿದ್ದ ಹೋಲ್ ಒಳ್ಳೆಯದು, ಡಿಸ್ಕ್ ಕಳೆದ ಹೋಲ್ ದರಿದ್ರ. ಒಂದು ದಿನ ಹಳೆಯ ಸ್ಕೋರು ಮತ್ತು ನಾನು ಕೊಟ್ಟ ಅಂಕ ಅಕ್ಕಪಕ್ಕ ಇಟ್ಟು ನೋಡಿದೆ. ಎರಡೂ ಒಂದೇ ಪಟ್ಟಿ!

ಎರಡನೇ ಪ್ರಯತ್ನಕ್ಕೆ ದುಡ್ಡು ಸುರಿದೆ. ದೂರ ಅಳೆಯೋಕೆ ಸುಮಾರು 150 ಡಾಲರ್‌ನ ಲೇಸರ್ ರೇಂಜ್‌ಫೈಂಡರ್, ನೂರು ಅಡಿ ಟೇಪು, ಕೈಯಲ್ಲಿ ಒತ್ತಿ ಎಣಿಸುವ ಕ್ಲಿಕ್ಕರ್ ಎರಡು. ಮರಗಳ ನಡುವಿನ ಪ್ರತಿ ಗ್ಯಾಪಿನ ಅಗಲ ಅಳೆದು ಬರೆದೆ. ಪೂರಾ ವ್ಯರ್ಥ. ಹನ್ನೆರಡು ಅಡಿ ಗ್ಯಾಪು ಟೀಯಿಂದ ನಲವತ್ತು ಅಡಿಯಲ್ಲಿದ್ದರೆ ಹೆಬ್ಬಾಗಿಲು. ಅದೇ ನೂರರವತ್ತು ಅಡಿಯಲ್ಲಿದ್ದರೆ ಕಿಟಕಿ ಸಂದಿ. ಇಷ್ಟು ತಿಳಿಯೋಕೆ ನನಗೆ ಮೂರು ತಿಂಗಳು ಬೇಕಾಯಿತು.

ಈಗ ಟೇಪು ಇಲ್ಲ, ಕೈಯೇ ಅಳತೆ. ಟೀ ಮೇಲೆ ನಿಂತು ಕೈ ನೀಟಾಗಿ ಮುಂದಕ್ಕೆ ಚಾಚಿ ಮುಷ್ಟಿ ಹಿಡಿಯುತ್ತೇನೆ. ಮುಷ್ಟಿ ಹೆಚ್ಚುಕಡಿಮೆ ಹತ್ತು ಡಿಗ್ರಿ, ಮೂರು ಬೆರಳು ಐದು. ಗ್ಯಾಪು ಮುಷ್ಟಿಯಷ್ಟು ಕಂಡರೆ ನನ್ನಂಥವನು ಹತ್ತಕ್ಕೆ ಆರೇಳು ದಾಟಿಸುತ್ತಾನೆ. ಎರಡು ಬೆರಳಿನಷ್ಟೇ ಕಂಡರೆ ಎರಡೋ ಮೂರೋ, ಅದೂ ದೇವರ ದಯೆ. ಹೋಲ್ 7ರಲ್ಲಿ ಅರವತ್ತು ಅಡಿಗೆ ಮುಷ್ಟಿಯಷ್ಟು ಗ್ಯಾಪಿತ್ತು. ಎಲ್ಲರೂ ಅದನ್ನೇ ನೋಡಿ ‘ಸಲೀಸಾಗಿದೆಯಲ್ಲ’ ಅನ್ನುತ್ತಿದ್ದರು. ಅದರ ಹಿಂದೆ, ನೂರೈವತ್ತು ಅಡಿ ದೂರದಲ್ಲಿ, ಸ್ವಲ್ಪ ಬಲಕ್ಕೆ ಜರುಗಿ ಎರಡು ಬೆರಳಿನ ಇನ್ನೊಂದು ಗ್ಯಾಪು. ಮೊದಲನೆಯದರ ನಟ್ಟನಡುವೆ ಹೋದ ಡಿಸ್ಕೇ ಎರಡನೆಯದಕ್ಕೆ ಬಡಿಯುತ್ತಿತ್ತು.

ಇಷ್ಟು ಕಂಡಮೇಲೂ ಅದು ಕಷ್ಟದ ಹೋಲೋ, ಅದೃಷ್ಟದ ಹೋಲೋ ಅನ್ನೋದು ಗೊತ್ತಾಗಲ್ಲ. ಅದಕ್ಕೆ ಮೂರು ಜನ ಬೇಕು. ಪಿಡಿಜಿಎ (ವೃತ್ತಿಪರ ಡಿಸ್ಕ್ ಗಾಲ್ಫ್ ಸಂಘ) ಲೆಕ್ಕದಲ್ಲಿ ನೀಲಿ ಟೀ ಅಂದರೆ 950 ರೇಟಿಂಗಿನವರಿಗೆ (ರೇಟಿಂಗ್ ಹೆಚ್ಚಿದಷ್ಟೂ ಆಟಗಾರ ಗಟ್ಟಿ), ಬಿಳಿ 900ಕ್ಕೆ ಅಂತ ಇದೆಯಲ್ಲ, ಯೋಚನೆ ಬಂದದ್ದು ಅಲ್ಲಿಂದಲೇ. ನಮ್ಮ ಲೀಗಿನ ಗಟ್ಟಿಗನೊಬ್ಬ 950ರ ಆಸುಪಾಸು. ನಾನು 880. ಮೂರನೆಯವನು ಎಂ.ಎಸ್. ಓದೋಕೆ ಬಂದ ನನ್ನ ಭಾವಮೈದ. ಅವನಿಗೆ ರೇಟಿಂಗ್ ಹಾಗಿರಲಿ, ಸರಿಯಾದ ಶೂ ಇರಲಿಲ್ಲ. ಮೂವರೂ ಟೀಯಿಂದ ಮಿಡ್‌ರೇಂಜ್ (ಮಧ್ಯಮ ದೂರದ ಡಿಸ್ಕ್) ಎಸೆಯೋದು, ಮರ ಮುಟ್ಟದೆ ಬೀಳಬೇಕಾದ ಜಾಗದಲ್ಲಿ ಬಿದ್ದರೆ ಒಂದು ಕ್ಲಿಕ್. ತಲಾ ಇಪ್ಪತ್ತು ಎಸೆತ.

ಇಲ್ಲೂ ಮುಗ್ಗರಿಸಿದೆ. ಮೊದಲ ಸಲ ಇಪ್ಪತ್ತನ್ನೂ ಒಂದೇ ನಿಲುವಿನಲ್ಲಿ ಎಸೆಸಿದೆ. ಹದಿನೈದನೇ ಎಸೆತದ ಹೊತ್ತಿಗೆ ಕೈಗೆ ದಾರಿ ಬಾಯಿಪಾಠ, ಭಾವಮೈದನೂ ಚಾಂಪಿಯನ್. ಇನ್ನೊಂದು: ನನ್ನ ಪಟ್ಟಿಯಲ್ಲಿ ಕೊನೆಯ ಆರು ಹೋಲ್ ಯಾವಾಗಲೂ ‘ತುಂಬಾ ಕಠಿಣ’. ಒಂದು ದಿನ ಸುಮ್ನೆ 18ರಿಂದ ಹಿಂದಕ್ಕೆ ಆಡಿದೆ. ಆಗ 1, 2, 3 ಕಠಿಣ! ಕಷ್ಟ ಇದ್ದದ್ದು ಹೋಲ್‌ನಲ್ಲಲ್ಲ, ನನ್ನ ಭುಜದಲ್ಲಿ. ಆಮೇಲಿಂದ ಒಂದು ಸುತ್ತಿಗೆ ಒಂದು ಹೋಲ್‌ನಲ್ಲಿ ಎರಡೇ ಎಸೆತ, ಹೀಗೆ ಹತ್ತು ಸುತ್ತು, ಐದು ಸುತ್ತು ಮುಂದಕ್ಕೆ, ಐದು ಹಿಂದಕ್ಕೆ. ಜನವರಿಯಲ್ಲಿ ಎಣಿಸಿದ್ದನ್ನೂ ಲೆಕ್ಕದಿಂದ ಕೈಬಿಟ್ಟೆ. ಎಲೆ ಉದುರಿದ ಸ್ವೀಟ್‌ಗಮ್ ಬೇರೆ, ಜುಲೈನ ಸ್ವೀಟ್‌ಗಮ್ ಬೇರೆ.

ಹೋಲ್ 7ರಲ್ಲಿ ಇಪ್ಪತ್ತಕ್ಕೆ ಗಟ್ಟಿಗನದು 5, ನನ್ನದು 4, ಭಾವಮೈದನದು 4. ಇದಕ್ಕಿಂತ ಸಾಕ್ಷಿ ಬೇಕಾ? ಹದಿನೈದು ವರ್ಷ ಎಸೆದವನಿಗೂ ನಿನ್ನೆ ಎಸೆಯೋಕೆ ಶುರುಮಾಡಿದವನಿಗೂ ಆ ಹೋಲ್‌ನಲ್ಲಿ ವ್ಯತ್ಯಾಸವೇ ಇಲ್ಲ. ಹೋಲ್ 3 ಅದಕ್ಕಿಂತ ಕಿರಿದು, ಎಲ್ಲರೂ ಬೈಯೋದೂ ಅದನ್ನೇ. ಅಲ್ಲಿ 11, 6, 2. ನನ್ನ ಪ್ರಕಾರ ಆ ಕೋರ್ಸಿನ ಅತ್ಯುತ್ತಮ ಹೋಲ್ ಅದು.

ಈ ಅಂಕೆ ತೋರಿಸಿದಾಗ ಕ್ಲಬ್ಬಿನ ಹಿರಿಯರೊಬ್ಬರು, ‘ಮೂರು ಜನರ ಲೆಕ್ಕ ಒಂದು ಲೆಕ್ಕವಾ’ ಅಂತ ನಕ್ಕರು. ಕೋಪ ಬಂತು. ಆದರೆ ಅವರು ಹೇಳಿದ್ದು ಪೂರ್ತಿ ತಪ್ಪೂ ಅಲ್ಲ. ಸಾವಿರ ಜನ ಎಸೆದದ್ದರ ಲೆಕ್ಕ ಎಲ್ಲಿ ಸಿಗುತ್ತದೆ ಅಂತ ಯೋಚಿಸುತ್ತಾ ಹೋಲ್ 7ರ ಪಕ್ಕದ ಬೀಚ್ ಮರಕ್ಕೆ ಒರಗಿ ನಿಂತಿದ್ದೆ. ಬೆನ್ನಿಗೆ ಏನೋ ಒತ್ತಿತು. ತಿರುಗಿ ನೋಡಿದರೆ ಮರದ ತುಂಬಾ ಗೀರು.

ಬೀಚ್ ತೊಗಟೆ ನುಣುಪು, ಒಮ್ಮೆ ಬಿದ್ದ ಗೀರು ವರ್ಷಗಟ್ಟಲೆ ಕಪ್ಪಗೆ ಉಳಿಯುತ್ತದೆ. ಪೈನ್‌ನಲ್ಲಿ ಮೇಲಿನ ಚಕ್ಕೆ ಹಾರಿ ಒಳಗಿನ ಕೆಂಪು ಕಾಣುತ್ತದೆ. ಹೊಸ ಗಾಯವಾದರೆ ಮೇಣ ಕೈಗೆ ಅಂಟುತ್ತದೆ. ನಾನು ನೋಡೋದು ಗಾಯ ಎಲ್ಲಿದೆ ಅಂತ. ಟೀಯಿಂದ ಮೂವತ್ತು ನಲವತ್ತು ಅಡಿಯ ಮರದಲ್ಲಿ ಎದೆಮಟ್ಟಕ್ಕೆ ನೂರಾರು ಗಾಯ ಇದ್ದರೆ, ಡಿಸ್ಕ್ ಹಾರುವ ಮೊದಲೇ ಆಟ ಮುಗಿಯುತ್ತಿದೆ ಅಂತ ಅರ್ಥ. ಬಲಗಡೆ ಮರಗಳಲ್ಲಿ ಮಾತ್ರ ಇದ್ದರೆ ಬಲಗೈ ಬ್ಯಾಕ್‌ಹ್ಯಾಂಡಿನವರು (ಕೈಯನ್ನು ಎದೆಗೆ ಅಡ್ಡಲಾಗಿ ಎಳೆದು ಎಸೆಯುವವರು) ತಡವಾಗಿ ಬಿಟ್ಟದ್ದು. ಅದು ಎಸೆದವರ ತಪ್ಪು, ಹೋಲ್‌ದಲ್ಲ. ಇನ್ನೂರು ಅಡಿ ಆಚೆ, ಮೊಣಕಾಲಿನ ಕೆಳಗೆ ಗಾಯ ಇದ್ದರೆ ನನಗೆ ಖುಷಿ, ಡಿಸ್ಕ್ ಅಲ್ಲಿವರೆಗೆ ಹೋಗಿ ಜಾರಿ ಬಡಿದಿದೆ. ಇನ್ನು ಫೇರ್‌ವೇ (ಟೀಯಿಂದ ಬಾಸ್ಕೆಟ್‌ವರೆಗಿನ ತೆರೆದ ದಾರಿ) ಅಂಚಿನ ಮರಗಳ ಹಿಂಬದಿ, ಪೊದೆಯ ಕಡೆ ಮುಖ ಮಾಡಿದ ಗಾಯ. ಇದನ್ನು ಯಾರೂ ನೋಡಲ್ಲ. ಪೊದೆಗೆ ಬಿದ್ದವರು ಅಲ್ಲಿಂದ ಹೊರಗೆ ಎಸೆಯೋಕೆ ದಾರಿ ಇದೆ, ಪ್ರಯತ್ನ ಪಡುತ್ತಿದ್ದಾರೆ ಅನ್ನೋದಕ್ಕೆ ಅದೇ ಗುರುತು. ಅದು ಇಲ್ಲದ ಹೋಲ್‌ನಲ್ಲಿ ಜನ ಸುಮ್ನೆ ಪಕ್ಕಕ್ಕೆ ತಳ್ಳಿ ಮುಂದೆ ನಡೆಯುತ್ತಾರೆ. ನೆಲದಲ್ಲಿ ನೋಡುವ ಇನ್ನೊಂದು ಗುರುತಿದೆ, ಮಳೆ ಬಂದ ಮರುದಿನ ಬೆಳಿಗ್ಗೆ ಮಾತ್ರ ಕಾಣೋದು. ಅದು ನನ್ನ ಹತ್ತಿರವೇ ಇರಲಿ.

ಒಂದು ಕೆಟ್ಟ ಪ್ರಯೋಗವನ್ನೂ ಹೇಳಿಬಿಡುತ್ತೇನೆ. ಹಳೆಯ ಗಾಯ, ಹೊಸ ಗಾಯ ಗೊಂದಲ ಆಗುತ್ತಿತ್ತು ಅಂತ ಮನೆಯಲ್ಲಿದ್ದ ರಂಗೋಲಿ ಬಣ್ಣವನ್ನು ಡಿಸ್ಕಿನ ಅಂಚಿಗೆ ಸವರಿ ಎಸೆದೆವು, ಬಡಿದಲ್ಲಿ ಗುರುತು ಉಳಿಯಲಿ ಅಂತ. ಮರದ ಮೇಲೆ ಹತ್ತಿದ್ದು ಚೂರು. ನನ್ನ ಕೈ, ಪ್ಯಾಂಟು, ಭಾವಮೈದನ ಹಣೆ ಎಲ್ಲ ಕೆಂಪು. ಹಿಂದಿನ ಗುಂಪಿನಲ್ಲಿದ್ದ ಅಜ್ಜ ರಕ್ತ ಅಂದುಕೊಂಡು ಓಡಿ ಬಂದರು. ಡಬ್ಬಿ ಖಾಲಿಯಾದದ್ದು ಮನೆಯಲ್ಲಿ ಗೊತ್ತಾದಾಗ ಹೆಂಡತಿ ಹೇಳಿದ್ದು: ‘ರೀ, ಊರಲ್ಲಿ ಅಡಿಕೆ ಮರ ಎಣಿಸೋಕೆ ಬೇಜಾರು ಅಂತ ಇಲ್ಲಿಗೆ ಬಂದೋರು, ಈಗ ಬೇರೆಯವ್ರ ಮರ ಎಣಿಸ್ತಾ ಇದ್ದೀರಲ್ಲ!’ ಸಾಗರದ ಕಡೆಯವನು ನಾನು. ಉತ್ತರ ಇರಲಿಲ್ಲ.

ಒಟ್ಟು ಖರ್ಚು ನೆನಪಿನಿಂದ ಹೇಳುತ್ತೇನೆ. ರೇಂಜ್‌ಫೈಂಡರ್ ಈಗ ಡ್ರಾಯರ್‌ನಲ್ಲಿ ಮಲಗಿದೆ. ಹದಿನಾಲ್ಕು ಡಿಸ್ಕ್ ಹೋದವು, ಒಂದಕ್ಕೆ 16 ಡಾಲರ್ ಹಿಡಿದರೂ 220ರ ಮೇಲೆ. ಪಾಯ್ಸನ್ ಐವಿ ತಾಗಿ ಎರಡು ಕೈಯೂ ಊದಿಕೊಂಡಾಗ ಡಾಕ್ಟರು, ಮುಲಾಮು ಸೇರಿ ಇನ್ನೊಂದು 180. ಉಣುಗು ಕಚ್ಚಿದ್ದಕ್ಕೆ ಲೆಕ್ಕ ಇಟ್ಟಿಲ್ಲ, ಮಲೆನಾಡಿನವನಿಗೆ ಅದೇನು ಹೊಸದಲ್ಲ. ಗಟ್ಟಿಗನ ಸಂಬಳ ಹತ್ತು ಶನಿವಾರದ ಬಿಸಿಬೇಳೆಬಾತು. ಅವನಿಗೆ ಈಗ ಬೂಂದಿ ಇಲ್ಲದೆ ಇಳಿಯಲ್ಲ.

ಆಡೋಕೆ ಹಿತವಾಗಿದೆಯೋ ಅನ್ನೋದಕ್ಕೆ ನನ್ನ ಅಳತೆ ಒಂದೇ, ಹುಡುಕಾಟದ ಹೊತ್ತು. ಕೆಟ್ಟ ಎಸೆತಕ್ಕೆ ಸ್ಕೋರಿನಲ್ಲಿ ಒಂದು ಸ್ಟ್ರೋಕ್ ಹೋಗಲಿ, ಹತ್ತು ನಿಮಿಷ ಹೋಗಬಾರದು. ಜುಲೈನಲ್ಲಿ ಹೋಲ್ 11ರಲ್ಲಿ ಒಂದು ಗುಂಪಿಗೆ ಆರು ನಿಮಿಷದ ಹತ್ತಿರ ಬರೀ ಹುಡುಕಾಟಕ್ಕೇ ಹೋಗುತ್ತಿತ್ತು, ಹಿಂದೆ ಮೂರು ಗುಂಪು ಕಾಯುತ್ತಾ. ಮರ ಮುಟ್ಟದೆ ಬರೀ ಮುಳ್ಳುಬಳ್ಳಿ ಕೊಯ್ದೆವು, ಎರಡು ನಿಮಿಷಕ್ಕೆ ಇಳಿಯಿತು. ಸ್ಕೋರು ಹೆಚ್ಚೂಕಡಿಮೆ ಹಾಗೇ ಇದೆ. ಕಾಪರ್‌ಹೆಡ್ ಹಾವಿನ ಭಯವೂ ತಗ್ಗಿತು.

ಹೋಲ್ 7ಕ್ಕೆ ಬರುತ್ತೇನೆ. ಆ ಹಿರಿಯರನ್ನು ಬೀಚ್ ಮರದ ಹತ್ತಿರ ಕರೆದುಕೊಂಡು ಹೋದೆ. ಅಂಕೆ ತೋರಿಸಲಿಲ್ಲ, ಅವರ ಕೈಯನ್ನೇ ಗೀರುಗಳ ಮೇಲೆ ಇಡಿಸಿದೆ. ಆಮೇಲೆ ಎರಡನೇ ಗ್ಯಾಪಿನ ಬಲಗಡೆಯ ಎರಡು ಸ್ವೀಟ್‌ಗಮ್ ತೋರಿಸಿದೆ. ಟೀ ಕಡೆಯ ಮೈ ಪೂರ್ತಿ ಸುಲಿದಿತ್ತು. ಹಿಂಬದಿ ಒಂದೂ ಗಾಯ ಇರಲಿಲ್ಲ. ಅವರು ಎರಡು ಸುತ್ತು ಬಂದರು, ಏನೂ ಮಾತಾಡಲಿಲ್ಲ. ಮುಂದಿನ ಶ್ರಮದಾನದ ಪಟ್ಟಿಯಲ್ಲಿ ಹೋಲ್ 7 ಇತ್ತು.

ಮರ ತೆಗೆದ ಮೇಲೆ ಅದೇ ಮೂವರು ಎಸೆದೆವು: 12, 8, 3. ಮೂರಕ್ಕೆ ಇಳಿದದ್ದು ಭಾವಮೈದನಿಗೆ ಬೇಜಾರು.

ಈಗ ನನ್ನ ತಲೆ ತಿನ್ನುತ್ತಿರೋದು ಹೋಲ್ 15. ಮುಷ್ಟಿ ಸರಿ ಇದೆ, ಮೂವರ ಲೆಕ್ಕ ಸರಿ ಇದೆ, ಗಾಯಗಳೂ ಇರಬೇಕಾದಲ್ಲೇ ಇವೆ. ಆದರೂ ಅಲ್ಲಿ ಆಡೋಕೆ ಯಾರಿಗೂ ಇಷ್ಟ ಇಲ್ಲ, ನನಗೂ. ಈ ಶನಿವಾರ ಬಾಸ್ಕೆಟ್ ಬುಡದಿಂದ ಟೀ ಕಡೆಗೆ ನಡೆದು ನೋಡಬೇಕು ಅಂತಿದ್ದೇನೆ. ಗಟ್ಟಿಗ ಬರ್ತೀನಿ ಅಂದಿದ್ದಾನೆ. ಬೂಂದಿ ತರಬೇಕು.