ಲೋಗೋ ಸುತ್ತ ಬಿಳಿ ಚೌಕ ಬಂತೇ? ಹೀಗೆ ಸರಿಮಾಡಿ

ಮಳೆಗಾಲದಲ್ಲಿ ಊರಿನ ಯಕ್ಷಗಾನ ಮೇಳಗಳ ತಿರುಗಾಟ ನಿಂತಿರುತ್ತದೆ. ಆಗ ಕಲಾವಿದರು ಮುಂಬೈ ಕಡೆ ಬರುತ್ತಾರೆ. ಮಾಟುಂಗ, ಮುಲುಂಡ್, ಡೊಂಬಿವಲಿಯ ಸಭಾಗೃಹಗಳಲ್ಲಿ ಚೆಂಡೆ ಕೇಳುತ್ತದೆ. ನವೆಂಬರ್ ಬಂದರೆ ರಾಜ್ಯೋತ್ಸವ. ಇಷ್ಟಕ್ಕೆಲ್ಲ ಬೇಕಾದ ಆಮಂತ್ರಣ, ಬ್ಯಾನರ್, ಪ್ರಶಸ್ತಿಪತ್ರಗಳು ಹೆಚ್ಚಾಗಿ ಇಲ್ಲಿನ ಕನ್ನಡ ಸಂಘದ ಯಾರೋ ಒಬ್ಬರ ಲ್ಯಾಪ್‌ಟಾಪಿನಲ್ಲೇ ತಯಾರಾಗುತ್ತವೆ, ಅದೂ ಆಫೀಸಿನಿಂದ ಲೋಕಲ್ ಹಿಡಿದು ಮನೆ ಸೇರಿದ ಮೇಲೆ.

ಕೆಂಪು ಬ್ಯಾನರಿನ ಮೇಲೆ ಸಂಘದ ದುಂಡು ಲೋಗೋ ಇಟ್ಟರೆ ಸುತ್ತ ಬಿಳಿ ಚೌಕ. ವೇಷದ ಫೋಟೋ ಇಟ್ಟರೆ ಕಿರೀಟದ ಅಂಚಿಗೆ ಬಿಳಿ ಗೆರೆ. ಹೆಸರು ಬರೆದರೆ ಅಕ್ಷರ ಮಸುಕು. ನಿನ್ನೆ ಸರಿ ಇದ್ದ ಫೈಲು ಇವತ್ತು ಹೀಗೇಕಾಯಿತು? ಬಹಳ ಜನ ಆಗ ರಬ್ಬರ್ ಹಿಡಿದು ಬಿಳಿಯನ್ನು ಅಳಿಸಲು ಕೂರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಪಾರದರ್ಶಕತೆ, ಅಂದರೆ ಚಿತ್ರದ ಖಾಲಿ ಜಾಗದಲ್ಲಿ ಹಿಂದಿನದು ಕಾಣುವ ಗುಣ, ಯಾವ ಹಂತದಲ್ಲಿ ಹೋಯಿತು ಎಂದು ಮೊದಲು ಹುಡುಕಿ. ಅದು ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ.

ಫೈಲಿನೊಳಗೆ ಏನಿರುತ್ತದೆ?

ಚಿತ್ರದ ಪ್ರತಿ ಚುಕ್ಕಿಗೂ ಕೆಂಪು, ಹಸಿರು, ನೀಲಿ ಎಂದು ಮೂರು ಅಂಕಿಗಳಿರುತ್ತವೆ. ಪಾರದರ್ಶಕ ಚಿತ್ರದಲ್ಲಿ ಇನ್ನೊಂದು ಅಂಕಿ ಸೇರುತ್ತದೆ. ಅದರ ಹೆಸರು ಆಲ್ಫಾ. 0 ಇದ್ದರೆ ಆ ಚುಕ್ಕಿ ಕಾಣುವುದೇ ಇಲ್ಲ. 255 ಇದ್ದರೆ ಪೂರ್ತಿ ಗಟ್ಟಿ. ನಡುವಿನ ಅಂಕಿಗಳು ಅರೆಬರೆ.

ಜೆಪೆಗ್ ಫೈಲಿನಲ್ಲಿ ಆಲ್ಫಾಕ್ಕೆ ಜಾಗವೇ ಇಲ್ಲ. ಜಿಫ್‌ನಲ್ಲಿ ಇದೆ, ಆದರೆ ಕಾಣುತ್ತದೆ ಅಥವಾ ಕಾಣುವುದಿಲ್ಲ ಎಂಬ ಎರಡೇ ಆಯ್ಕೆ. ಹಾಗಾಗಿ ದುಂಡು ಅಂಚು ಒರಟಾಗುತ್ತದೆ. 1996ರಲ್ಲಿ ಬಂದ ಪಿಎನ್‌ಜಿಯಲ್ಲಿ 256 ಹಂತಗಳನ್ನೂ ಇಡಬಹುದು. ಲೋಗೋಗೆ ಎಲ್ಲರೂ ಪಿಎನ್‌ಜಿ ಕೇಳುವುದು ಇದಕ್ಕೇ.

ಎಲ್ಲಿ ಕಳೆದುಹೋಯಿತು?

ಮೊದಲು ವಾಟ್ಸ್‌ಆ್ಯಪ್ ಮೇಲೆ ಅನುಮಾನಪಡಿ. ಪಿಎನ್‌ಜಿಯನ್ನು ಫೋಟೋ ಎಂದು ಕಳಿಸಿದರೆ ಅದು ಜೆಪೆಗ್ ಆಗಿ, ಕುಗ್ಗಿ ಹೋಗುತ್ತದೆ. ಖಾಲಿ ಜಾಗ ಬಿಳಿಯೋ ಕಪ್ಪೋ ಆಗಿರುತ್ತದೆ. ದಾನಿಗಳಾದ ಹೋಟೆಲಿನವರಿಗೆ ಫೋನ್ ಮಾಡಿ, "ಅದೇ ಲೋಗೋ ಇನ್ನೊಮ್ಮೆ ಡಾಕ್ಯುಮೆಂಟ್ ಮಾಡಿ ಕಳಿಸ್ತೀರಾ?" ಎಂದು ಕೇಳಿ. ಒಂದು ಗಂಟೆ ಅಳಿಸುವ ಕೆಲಸ ತಪ್ಪುತ್ತದೆ.

ಎರಡನೆಯದು ವಿಂಡೋಸ್ ಜೊತೆಗೇ ಬರುವ ಪೇಂಟ್, ಅದರಲ್ಲೂ ಹಳೆಯದು. ವಿಂಡೋಸ್ 11ರ ಪೇಂಟ್‌ಗೆ ಲೇಯರ್ (ಒಂದರ ಮೇಲೊಂದು ಇಡುವ ಪದರ), ಪಾರದರ್ಶಕತೆ ಎರಡೂ ಬಂದದ್ದು 2023ರಲ್ಲಿ. ಅದಕ್ಕಿಂತ ಹಿಂದಿನ ಪೇಂಟ್‌ನಲ್ಲಿ ಪಿಎನ್‌ಜಿ ತೆರೆದು ಸುಮ್ನೆ ಸೇವ್ ಒತ್ತಿದರೂ ಸಾಕು, ಆಲ್ಫಾ ಅಳಿಸಿಹೋಗುತ್ತದೆ. ಅಲ್ಲಿರುವ 'ಟ್ರಾನ್ಸ್‌ಪರೆಂಟ್ ಸೆಲೆಕ್ಷನ್' ನಂಬಿ ಮೋಸ ಹೋಗಬೇಡಿ. ಅಂಟಿಸುವಾಗ ಒಂದು ಬಣ್ಣವನ್ನು ಬಿಟ್ಟುಬಿಡುತ್ತದೆ, ಅಷ್ಟೇ. ಫೈಲಿಗೆ ಪಾರದರ್ಶಕತೆ ಬರುವುದಿಲ್ಲ. ಲೋಗೋ ಒಳಗಿನ ಬಿಳಿ ಅಕ್ಷರವೂ ಅದರ ಜೊತೆ ಮಾಯವಾಗುತ್ತದೆ.

ಇನ್ನು ಕೆಲವು ಚಿತ್ರಗಳಲ್ಲಿ, ಪಾರದರ್ಶಕ ಜಾಗವನ್ನು ತೋರಿಸಲು ಬಳಸುವ ಬೂದು-ಬಿಳಿ ಚೌಕುಳಿಯೇ ಚಿತ್ರದ ಭಾಗ. ಇಂಟರ್‌ನೆಟ್‌ನಿಂದ ಇಳಿಸಿಕೊಂಡವುಗಳಲ್ಲಿ ಇದು ಜಾಸ್ತಿ. ಅಂಥದ್ದು ಸಿಕ್ಕರೆ ಬಿಟ್ಟು ಬೇರೆ ಹುಡುಕಿ.

ಪೇಂಟ್ ಡಾಟ್ ನೆಟ್‌ನಲ್ಲಿ ಸರಿಪಡಿಸುವುದು

ಸಣ್ಣ ಕೆಲಸಕ್ಕೆ ನಾನು ಹೇಳುವುದು ಪೇಂಟ್ ಡಾಟ್ ನೆಟ್ ಎಂಬ ಚಿತ್ರ ತಿದ್ದುವ ತಂತ್ರಾಂಶ. ವಿಂಡೋಸ್‌ಗೆ ಮಾತ್ರ. ಅದರ ವೆಬ್‌ಸೈಟಿನಲ್ಲಿ ಉಚಿತ. ಹಳೆ ಲ್ಯಾಪ್‌ಟಾಪಿಗೂ ಭಾರವಲ್ಲ.

ಬರೆದದ್ದು ಮಸುಕಾಗಿ ಬರುತ್ತಿದ್ದರೆ ಬಣ್ಣದ ಕಿಟಕಿಯಲ್ಲಿ 'ಮೋರ್' ಒತ್ತಿ. ಕೆಳಗೆ ಆಲ್ಫಾ ಪಟ್ಟಿ ಇದೆ. ಮೊದಲು ಯಾವುದಕ್ಕೋ ಇಳಿಸಿದ್ದು ಹಾಗೇ ಉಳಿದಿರುತ್ತದೆ. 255ಕ್ಕೆ ಏರಿಸಿ. ರಬ್ಬರ್ ಅರ್ಧಂಬರ್ಧ ಅಳಿಸುತ್ತಿದ್ದರೂ ನೋಡಬೇಕಾದ್ದು ಇದನ್ನೇ. ಆಮೇಲೂ ಮಸುಕಾಗಿದ್ದರೆ ಎಫ್4 ಒತ್ತಿ ಆ ಲೇಯರಿನ ಒಪಾಸಿಟಿ (ಎಷ್ಟು ಗಟ್ಟಿ ಎಂಬ ಅಂಕಿ) ನೋಡಿ. ಎರಡೂ ಬೇರೆ ಬೇರೆ. ಒಂದು ಇನ್ನು ಮುಂದೆ ಬಳಿಯುವ ಬಣ್ಣಕ್ಕೆ, ಇನ್ನೊಂದು ಇಡೀ ಲೇಯರಿಗೆ.

ಬಳಿದ ಕಡೆ ತೂತು ಬಿದ್ದು ಚೌಕುಳಿ ಕಂಡರೆ, ಮೇಲಿನ ಸಾಲಿನಲ್ಲಿರುವ ಬ್ಲೆಂಡಿಂಗ್ ಆಯ್ಕೆ 'ಓವರ್‌ರೈಟ್' ಆಗಿದೆಯೇ ನೋಡಿ. ಆಗಿದ್ದರೆ ಅರೆಪಾರದರ್ಶಕ ಬಣ್ಣ ಕೆಳಗಿನದರ ಜೊತೆ ಬೆರೆಯುವುದಿಲ್ಲ, ಅದನ್ನು ತೆಗೆದು ತಾನು ಕೂರುತ್ತದೆ. 'ನಾರ್ಮಲ್' ಮಾಡಿ.

ಈಗ ಬಿಳಿ ಗೆರೆಯ ವಿಷಯ. ಹೆಚ್ಚು ತಾಳ್ಮೆ ಬೇಡುವುದು ಇದೇ. ಜೆಪೆಗ್ ಮಾಡುವಾಗ ಅಂಚಿನ ಸುತ್ತ ಕಣ್ಣಿಗೆ ಕಾಣದಷ್ಟು ಕಲೆಗಳು ಹುಟ್ಟುತ್ತವೆ. ಹೊರಗಿನ ಬಿಳಿ ಹೋದರೂ ಅವು ಅಂಟಿಕೊಂಡಿರುತ್ತವೆ. ಚೌಕುಳಿಯ ಮೇಲೆ ಅವು ಕಾಣುವುದಿಲ್ಲ, ಕೆಂಪು ಬ್ಯಾನರಿನ ಮೇಲೆ ಎದ್ದು ಕಾಣುತ್ತವೆ. ಅದಕ್ಕೆ ಮೊದಲು ಹೊಸ ಲೇಯರ್ ಸೇರಿಸಿ, ಅದನ್ನು ಚಿತ್ರದ ಕೆಳಗೆ ತಂದು ಗಾಢ ಬಣ್ಣ ಸುರಿಯಿರಿ. ಬ್ಯಾನರಿಗೆ ಬಳಸುವ ಬಣ್ಣವೇ ಆದರೆ ಇನ್ನೂ ಒಳ್ಳೆಯದು. ಈಗ ಚಿತ್ರದ ಲೇಯರಿಗೆ ಬಂದು, ಒಂದೇ ಬಣ್ಣದ ಜಾಗವನ್ನು ಆಯ್ಕೆಮಾಡುವ ಮ್ಯಾಜಿಕ್ ವಾಂಡ್ ಹಿಡಿದು ಹೊರಗಿನ ಬಿಳಿಯ ಮೇಲೆ ಕ್ಲಿಕ್ ಮಾಡಿ. ಫ್ಲಡ್ ಮೋಡ್ 'ಕಂಟಿಗ್ಯುಯಸ್' ಇರಲಿ. ಹಾಗಿದ್ದರೆ ಒಂದಕ್ಕೊಂದು ತಾಗಿದ ಬಿಳಿ ಮಾತ್ರ ಆಯ್ಕೆಯಾಗುತ್ತದೆ, ಲೋಗೋ ಒಳಗಿನದು ಉಳಿಯುತ್ತದೆ. ಟಾಲರೆನ್ಸನ್ನು (ಎಷ್ಟು ಹತ್ತಿರದ ಬಣ್ಣವನ್ನೂ ಒಂದೇ ಎಂದು ಎಣಿಸಬೇಕು ಎಂಬ ಅಳತೆಯನ್ನು) ಕಡಿಮೆಯಿಂದ ಶುರುಮಾಡಿ ಸ್ವಲ್ಪ ಸ್ವಲ್ಪವೇ ಏರಿಸಿ. ಜಾಸ್ತಿ ಆದರೆ ತಿಳಿ ಹಳದಿಯನ್ನೂ ಬಿಳಿಯೆಂದೇ ಎಣಿಸುತ್ತದೆ. ರಾಜ್ಯೋತ್ಸವದ ಬ್ಯಾನರಿನಲ್ಲಿ ಹಳದಿ ಹೋದರೆ ಹೇಗೆ, ಅಲ್ವಾ? ಆಯ್ಕೆ ಸರಿ ಕಂಡ ಮೇಲೆ ಡಿಲೀಟ್ ಒತ್ತಿ.

ವೇಷದ ಫೋಟೋದಲ್ಲಿ ಕಿರೀಟದ ಸಣ್ಣ ಕುಸುರಿಗೆ ವಾಂಡ್ ಸಾಲದು. ಅಲ್ಲಿ ಚಿತ್ರವನ್ನು ದೊಡ್ಡದು ಮಾಡಿಕೊಂಡು, ರಬ್ಬರಿನ ಹಾರ್ಡ್‌ನೆಸ್ (ಅಂಚಿನ ಗಡಸು) ಇಳಿಸಿ ಕೈಯಲ್ಲೇ ಅಂಚು ಸವರಿ. ಕಲಾವಿದ ಗಂಟೆಗಟ್ಟಲೆ ಕೂತು ಕಟ್ಟಿಕೊಂಡ ವೇಷ ಅದು. ಅವಸರದಲ್ಲಿ ಕತ್ತರಿಸಬಾರದು.

ಸಹಿ, ಸಂಘದ ಮೊಹರು ಇವುಗಳಿಗೆ ಇಷ್ಟು ಕಷ್ಟ ಬೇಡ. ಬಿಳಿ ಹಾಳೆಯ ಸ್ಕ್ಯಾನನ್ನು ಪ್ರಶಸ್ತಿಪತ್ರದ ಮೇಲೆ ಬೇರೆ ಲೇಯರಾಗಿ ಇಟ್ಟು, ಎಫ್4 ಒತ್ತಿ, ಬ್ಲೆಂಡ್ ಮೋಡ್ 'ಮಲ್ಟಿಪ್ಲೈ' ಮಾಡಿ. ಬಿಳಿ ತಾನೇ ಮರೆಯಾಗಿ ಶಾಯಿ ಉಳಿಯುತ್ತದೆ. ಪತ್ರದ ಬಣ್ಣ ತಿಳಿಯಾಗಿರಬೇಕು, ಕಡು ಬಣ್ಣದ ಮೇಲೆ ಇದು ನಡೆಯುವುದಿಲ್ಲ.

ಸೇವ್ ಮಾಡುವಾಗ

ಮೊದಲು ಪಿಡಿಎನ್ ಆಗಿ, ಅಂದರೆ ಪೇಂಟ್ ಡಾಟ್ ನೆಟ್‌ನ ಸ್ವಂತ ಬಗೆಯ ಫೈಲಾಗಿ, ಉಳಿಸಿ. ಲೇಯರುಗಳು ಹಾಗೇ ಇರುವುದು ಅದರಲ್ಲಿ. ಆಮೇಲೆ ಕೆಳಗಿನ ಗಾಢ ಲೇಯರಿನ ಟಿಕ್ ತೆಗೆದು, 'ಸೇವ್ ಆ್ಯಸ್'ನಲ್ಲಿ ಪಿಎನ್‌ಜಿ ಆರಿಸಿ. ಬಿಟ್ ಡೆಪ್ತ್ 'ಆಟೋ ಡಿಟೆಕ್ಟ್' ಅಥವಾ 32 ಬಿಟ್ ಇರಲಿ. 24 ಬಿಟ್ ಆರಿಸಿದರೆ ಪಾರದರ್ಶಕತೆ ಪೂರ್ತಿ ಹೋಗುತ್ತದೆ. 8 ಬಿಟ್‌ನಲ್ಲಿ ನಯವಾದ ಅಂಚು ಮೆಟ್ಟಿಲು ಮೆಟ್ಟಿಲಾಗುತ್ತದೆ. ಲೇಯರುಗಳನ್ನು ಒಂದು ಮಾಡಲೇ ಎಂದು ಕೇಳಿದಾಗ 'ಫ್ಲಾಟನ್' ಒತ್ತಿ. ಪಿಡಿಎನ್ ಇರುವುದರಿಂದ ಭಯವಿಲ್ಲ.

ಫ್ಲೆಕ್ಸ್ ಅಂಗಡಿಗೆ ಕೊಡುವ ಕೊನೆಯ ಬ್ಯಾನರಿಗೆ ಪಾರದರ್ಶಕತೆ ಬೇಕಾಗಿಲ್ಲ. ಹಿನ್ನೆಲೆ ತುಂಬಿರುವುದರಿಂದ ಒಳ್ಳೆಯ ಗುಣಮಟ್ಟದ ಜೆಪೆಗ್ ಸಾಕು. ಪೆನ್‌ಡ್ರೈವ್‌ನಲ್ಲಿ ಕೊಡಿ, ಇಲ್ಲವೇ ಇಮೇಲ್ ಮಾಡಿ. ಲೋಗೋದ ಪಿಎನ್‌ಜಿಯನ್ನು ಮಾತ್ರ ಸಂಘದ ಒಂದು ಡ್ರೈವ್ ಫೋಲ್ಡರಿನಲ್ಲಿ ಇಟ್ಟು, ಮುಂದಿನ ವರ್ಷ ಈ ಕೆಲಸ ನೋಡಿಕೊಳ್ಳುವವರಿಗೆ ಅದರ ಲಿಂಕ್ ಕೊಟ್ಟಿಡಿ.