ಸಕ್ಕರೆ ಕಾಯಿಲೆ ಇರುವ ಸಸ್ಯಾಹಾರಿಗಳು ಕಾರ್ಬ್ ಕಡಿಮೆ ಮಾಡುವುದು ಹೇಗೆ: ಮೊದಲು ಪ್ರೋಟೀನ್, ಆಮೇಲೆ ಅನ್ನ

ಶುಗರ್ ಇದೆ ಅಂತ ಗೊತ್ತಾದ ತಕ್ಷಣ ಹೆಚ್ಚಿನವರು ಮೊದಲು ಬಿಡುವುದು ಕಾಫಿ, ಟೀಗೆ ಹಾಕುವ ಸಕ್ಕರೆಯನ್ನು. ಒಳ್ಳೆಯದೇ. ಆದರೆ ಒಂದು ಟೀ ಚಮಚ ಸಕ್ಕರೆಯಲ್ಲಿ ಇರುವ ಕಾರ್ಬೋಹೈಡ್ರೇಟ್ (ಕಾರ್ಬ್, ಅಂದರೆ ಪಿಷ್ಟ, ಸಕ್ಕರೆ, ನಾರು) ಸುಮಾರು 4 ಗ್ರಾಂ. 100 ಗ್ರಾಂ ಬಿಳಿ ಅನ್ನದಲ್ಲಿ ಸುಮಾರು 28 ಗ್ರಾಂ ಇರುತ್ತದೆ. 100 ಗ್ರಾಂ ಅನ್ನಕ್ಕೇ ಊಟ ಮುಗಿಸುವವರು ಎಷ್ಟು ಜನ? ಕಪ್‌ನಲ್ಲಿ ಸಕ್ಕರೆ ಬಿಟ್ಟು ತಟ್ಟೆಯನ್ನು ಹಾಗೇ ಇಟ್ಟುಕೊಂಡರೆ ಶುಗರ್ ಇಳಿಯುತ್ತಿಲ್ಲ ಅಂತ ಬೇಜಾರಾಗುವುದು ಸಹಜ.

ಕಾರ್ಬ್ ಕಡಿಮೆ ಮಾಡುವುದು ಅಂದರೆ ಪೂರ್ತಿ ಬಿಡುವುದಲ್ಲ. ಸಾಮಾನ್ಯವಾಗಿ ದಿನಕ್ಕೆ 130 ಗ್ರಾಂಗಿಂತ ಕಡಿಮೆ ಇದ್ದರೆ ಅದನ್ನು ಲೋ ಕಾರ್ಬ್ ಅನ್ನುತ್ತಾರೆ. 50 ಗ್ರಾಂಗಿಂತ ಕೆಳಗೆ ಹೋದರೆ ಅದು ಕೀಟೋ ದಾರಿ, ಅಂದರೆ ದೇಹ ಸಕ್ಕರೆಯ ಬದಲು ಮುಖ್ಯವಾಗಿ ಕೊಬ್ಬನ್ನು ಉರಿಸುವಂಥ ಊಟ. ಸಸ್ಯಾಹಾರಿಗಳಿಗೆ ಅದು ದಿನವೂ ನಡೆಸಿಕೊಂಡು ಹೋಗಲು ಕಷ್ಟ, ಹೆಚ್ಚಿನವರಿಗೆ ಅದರ ಅಗತ್ಯವೂ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ವರ್ಷಗಟ್ಟಲೆ ಮಾಡಬಲ್ಲ ಊಟವೇ ಒಳ್ಳೆಯ ಊಟ.

ಶುರು ಮಾಡುವ ಮುಂಚೆ ಮಾತ್ರೆಗಳ ಪಟ್ಟಿ ನೋಡಿ

ದಯವಿಟ್ಟು ಈ ಭಾಗವನ್ನು ಬಿಟ್ಟು ಮುಂದೆ ಹೋಗಬೇಡಿ. ನೀವು ಇನ್ಸುಲಿನ್ ತಗೊಳ್ಳುತ್ತಿದ್ದರೆ, ಇಲ್ಲಾ ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ತರಹದ ಮಾತ್ರೆ ನುಂಗುತ್ತಿದ್ದರೆ, ಆ ಡೋಸ್ ನಿಗದಿಯಾಗಿರುವುದು ನಿಮ್ಮ ಹಳೆಯ ಊಟಕ್ಕೆ. ಊಟ ಬದಲಾಗಿ ಡೋಸ್ ಹಾಗೇ ಉಳಿದರೆ ಶುಗರ್ 70 mg/dLಗಿಂತ ಕೆಳಗೆ ಬೀಳಬಹುದು. ಕೈ ನಡುಕ, ಬೆವರು, ತಲೆ ಗಿರ್ ಅನ್ನುವುದು ಇದರ ಲಕ್ಷಣ. ಹಾಗಾದಾಗ ಕಾರ್ಬ್ ಲೆಕ್ಕ ಎಲ್ಲ ಪಕ್ಕಕ್ಕಿಟ್ಟು ತಕ್ಷಣ 15 ಗ್ರಾಂ ಗ್ಲೂಕೋಸ್ ಅಥವಾ ಸಕ್ಕರೆ ತಗೊಳ್ಳಿ, 15 ನಿಮಿಷ ಬಿಟ್ಟು ಮತ್ತೆ ಚೆಕ್ ಮಾಡಿ. ಇನ್ನೂ 70 ದಾಟಿಲ್ಲ ಅಂದರೆ ಇನ್ನೊಂದು ಸಲ ತಗೊಳ್ಳಿ.

ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆಗಳದ್ದು ಬೇರೆ ಅಪಾಯ. ಇವುಗಳ ಜೊತೆ ಕಾರ್ಬ್ ತುಂಬಾ ಇಳಿಸಿದರೆ ರಕ್ತದಲ್ಲಿ ಕೀಟೋನ್ (ಕೊಬ್ಬು ಕರಗುವಾಗ ಹುಟ್ಟುವ ಆಮ್ಲ) ಏರಿ ಆಸ್ಪತ್ರೆ ಸೇರುವ ಪರಿಸ್ಥಿತಿ ಬರಬಹುದು. ಆಗ ಮೀಟರ್‌ನಲ್ಲಿ ಶುಗರ್ ಜಾಸ್ತಿ ಕಾಣದೆಯೂ ಇರಬಹುದು, ಅದಕ್ಕೇ ಇದು ಮೋಸ ಮಾಡುತ್ತದೆ. ಗರ್ಭಿಣಿಯರು, ಕಿಡ್ನಿ ತೊಂದರೆ ಇರುವವರು, ಟೈಪ್ 1 ಇರುವವರು ಡಾಕ್ಟರ್ ಜೊತೆ ಮಾತಾಡದೆ ಶುರು ಮಾಡಲೇಬೇಡಿ.

ಬೇಳೆ ಪ್ರೋಟೀನ್ ಹೌದು, ಕಾರ್ಬ್ ಕೂಡ ಹೌದು

ಸಸ್ಯಾಹಾರಿಗಳು ಎಡವುವುದು ಹೆಚ್ಚಾಗಿ ಇಲ್ಲೇ. ಮೀನು, ಮಾಂಸದ ಪ್ರೋಟೀನ್ ಜೊತೆ ಕಾರ್ಬ್ ಇರುವುದಿಲ್ಲ ಅನ್ನಬಹುದು. ನಮ್ಮ ಬೇಳೆ ಕಾಳುಗಳಲ್ಲಿ ಎರಡೂ ಸೇರಿಕೊಂಡೇ ಬರುತ್ತವೆ. 100 ಗ್ರಾಂ ಬೆಂದ ಮಸೂರದಲ್ಲಿ ಸುಮಾರು 9 ಗ್ರಾಂ ಪ್ರೋಟೀನ್, 20 ಗ್ರಾಂ ಕಾರ್ಬ್. ಬೆಂದ ಕಡಲೆಕಾಳಿನಲ್ಲಿ ಕಾರ್ಬ್ ಇನ್ನೂ ಜಾಸ್ತಿ, ಸುಮಾರು 27 ಗ್ರಾಂ. ಗಾಬರಿಯಾಗಬೇಡಿ, ಅದರಲ್ಲಿ ಏಳೆಂಟು ಗ್ರಾಂ ನಾರು. ನಾರು ಶುಗರ್ ಆಗಿ ರಕ್ತ ಸೇರುವುದಿಲ್ಲ, ಉಳಿದದ್ದೂ ಅನ್ನದಷ್ಟು ವೇಗವಾಗಿ ಏರಿಸುವುದಿಲ್ಲ. ಹಾಗಾಗಿ ಬೇಳೆ ಬಿಡಬೇಕಾಗಿಲ್ಲ. ಆದರೆ ಬೇಳೆಯನ್ನು ಅನ್ನದ ಜೊತೆಗೆ ತಿನ್ನುವ ಬದಲು ಅನ್ನದ ಜಾಗದಲ್ಲಿ ತಿನ್ನಿ. ಎರಡನ್ನೂ ಹೊಟ್ಟೆ ತುಂಬ ತಿಂದರೆ ಲೆಕ್ಕ ಕೈ ಮೀರುತ್ತದೆ.

ಕಾರ್ಬ್ ತೀರಾ ಕಡಿಮೆ ಇರುವ ಪ್ರೋಟೀನ್ ಬೇಕಂದರೆ ಪನೀರ್, ತೋಫು ಇವೆ. 100 ಗ್ರಾಂ ಪನೀರ್‌ನಲ್ಲಿ ಹೆಚ್ಚುಕಡಿಮೆ 18 ಗ್ರಾಂ ಪ್ರೋಟೀನ್, ಕಾರ್ಬ್ 5 ಗ್ರಾಂ ಒಳಗೆ. 50 ಗ್ರಾಂ ಒಣ ಸೋಯಾ ಚಂಕ್ಸ್‌ನಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಸಿಗುತ್ತದೆ. ಅದರಲ್ಲಿ ಸ್ವಲ್ಪ ಕಾರ್ಬ್ ಇದೆ, ಆದರೂ ಬೆಲೆಗೆ ಹೋಲಿಸಿದರೆ ಇದಕ್ಕೆ ಸಾಟಿ ಕಡಿಮೆ. ಸಪ್ಪೆ ಮೊಸರೂ ಒಳ್ಳೆಯದು. ನೀರು ಬಸಿದ ಗಟ್ಟಿ ಮೊಸರು ಇನ್ನೂ ಒಳ್ಳೆಯದು.

ತೋಫು ಸಪ್ಪೆ, ರುಚಿಯೇ ಇಲ್ಲ ಅನ್ನುವವರಿಗೆ ಒಂದು ಮಾತು. ಅದನ್ನು ಪ್ಯಾಕೆಟ್‌ನಿಂದ ತೆಗೆದು ಹಾಗೇ ಬಾಣಲೆಗೆ ಹಾಕಿದರೆ ಒಳಗಿನ ನೀರು ಬಿಟ್ಟು ಬೇಯುತ್ತದೆಯೇ ಹೊರತು ಹುರಿಯುವುದಿಲ್ಲ. ಗಟ್ಟಿ ತೋಫುವನ್ನು ಬಟ್ಟೆಯಲ್ಲಿ ಸುತ್ತಿ, ಮೇಲೆ ಭಾರ ಇಟ್ಟು 20 ನಿಮಿಷ ಬಿಡಿ. ಆಮೇಲೆ ತುಂಡು ಮಾಡಿ ಉಪ್ಪು, ಖಾರ, ಅರಿಶಿನ, ನಿಂಬೆರಸ ಹಚ್ಚಿ, ಕಾದ ಬಾಣಲೆಯಲ್ಲಿ ಸ್ವಲ್ಪ ಎಣ್ಣೆಗೆ ಬಿಡಿಬಿಡಿಯಾಗಿ ಜೋಡಿಸಿ. ಒಂದು ಬದಿ ಕೆಂಪಗಾಗುವ ತನಕ ಕೈ ಆಡಿಸಬೇಡಿ. ಹೊರಗೆ ಗರಿಗರಿ, ಒಳಗೆ ಮೆತ್ತಗೆ ಬರುತ್ತದೆ.

ತಟ್ಟೆ ಜೋಡಿಸುವುದು

ಅರ್ಧ ತಟ್ಟೆ ತರಕಾರಿ. ಸೊಪ್ಪು, ಬೀನ್ಸ್, ಹೂಕೋಸು, ಎಲೆಕೋಸು, ಬದನೆ, ಸೌತೆಕಾಯಿ, ಸೋರೆಕಾಯಿ, ದಪ್ಪ ಮೆಣಸಿನಕಾಯಿ, ಅಣಬೆ, ಯಾವುದಾದರೂ ಸರಿ. ಆಲೂಗಡ್ಡೆ, ಗೆಣಸು, ಮೆಕ್ಕೆಜೋಳ ಈ ಅರ್ಧಕ್ಕೆ ಬರುವುದಿಲ್ಲ, ಅವು ಅನ್ನದ ಸಾಲಿಗೆ ಸೇರಿದವು. ಕಾಲು ಭಾಗ ಪ್ರೋಟೀನ್. ಉಳಿದ ಕಾಲು ಭಾಗದಲ್ಲಿ ಅನ್ನವೋ ರೊಟ್ಟಿಯೋ, ಒಂದು ಮಾತ್ರ. ಇನ್ನೂ ಇಳಿಸಬೇಕು ಅನ್ನುವವರು ಆ ಕಾಲು ಭಾಗವನ್ನೂ ಅರ್ಧ ಮಾಡಿ.

ತಿನ್ನುವ ಕ್ರಮಕ್ಕೂ ಬೆಲೆ ಇದೆ. ಮೊದಲು ತರಕಾರಿ ಮತ್ತು ಪ್ರೋಟೀನ್, ಕೊನೆಗೆ ಅನ್ನ. ಅದೇ ಊಟವನ್ನು ಹೀಗೆ ತಿಂದಾಗ ಊಟದ ನಂತರ ಶುಗರ್ ಕಡಿಮೆ ಏರುತ್ತದೆ ಅಂತ ಅಧ್ಯಯನಗಳಲ್ಲಿ ಕಂಡಿದೆ. ಇನ್ನೊಂದು ಲಾಭ, ಅನ್ನದ ಸರದಿ ಬರುವ ಹೊತ್ತಿಗೆ ಹೊಟ್ಟೆ ಮುಕ್ಕಾಲು ತುಂಬಿರುತ್ತದೆ, ಎರಡನೇ ಸಲ ಬಡಿಸಿಕೊಳ್ಳಬೇಕು ಅನ್ನಿಸುವುದೇ ಇಲ್ಲ. ಊಟ ಆದ ಮೇಲೆ ಹತ್ತು ಹದಿನೈದು ನಿಮಿಷ ನಡೆದರಂತೂ ಇನ್ನೂ ಒಳ್ಳೆಯದು.

ಅನ್ನದ ನೋಟವೇ ಬೇಕು ಅನ್ನುವವರಿಗೆ ಹೂಕೋಸು ಇದೆ. ತೊಳೆದು ಚೆನ್ನಾಗಿ ಒರೆಸಿ, ತುರಿಯಿರಿ. ಅಗಲ ಬಾಣಲೆ, ದೊಡ್ಡ ಉರಿ, ಒಂದು ಚಮಚ ಎಣ್ಣೆ, ನಾಲ್ಕೈದು ನಿಮಿಷ ಸಾಕು. ಮುಚ್ಚಳ ಮುಚ್ಚಿದರೆ ಮುದ್ದೆಯಾಗುತ್ತದೆ. ಉಪ್ಪು ಕೊನೆಗೆ ಹಾಕಿ, ಮೊದಲೇ ಹಾಕಿದರೆ ನೀರು ಬಿಟ್ಟುಕೊಳ್ಳುತ್ತದೆ. 100 ಗ್ರಾಂಗೆ ಕಾರ್ಬ್ ಬರೀ 5 ಗ್ರಾಂ. ರುಚಿ ಅನ್ನದ್ದಲ್ಲ, ಅದನ್ನು ಒಪ್ಪಿಕೊಂಡೇ ತಿನ್ನಬೇಕು. ಮೊದಮೊದಲು ಅರ್ಧ ಅನ್ನ, ಅರ್ಧ ಹೂಕೋಸು ಕಲಸಿಕೊಂಡರೆ ಬೇಗ ಒಗ್ಗುತ್ತದೆ.

ಬೆಳಿಗ್ಗೆ ಮತ್ತು ಸಂಜೆ

ಕಷ್ಟ ಇರುವುದು ಬೆಳಗಿನ ತಿಂಡಿಯಲ್ಲಿ. ಬ್ರೆಡ್, ಓಟ್ಸ್, ಕಾರ್ನ್ ಫ್ಲೇಕ್ಸ್, ಎಲ್ಲ ಕಾರ್ಬ್ ಮಯ, ಮೇಲಾಗಿ ಬೆಳಗಿನ ಹೊತ್ತು ಎಷ್ಟೋ ಜನರಿಗೆ ಶುಗರ್ ತಾನಾಗೇ ಸ್ವಲ್ಪ ಏರಿರುತ್ತದೆ. ಪುಡಿ ಮಾಡಿದ ಪನೀರನ್ನು ಈರುಳ್ಳಿ, ಟೊಮೆಟೊ, ಹಸಿಮೆಣಸಿನಕಾಯಿ ಜೊತೆ ಹುರಿಯಿರಿ, ಹತ್ತೇ ನಿಮಿಷದ ಕೆಲಸ. ಇಲ್ಲಾ ಗಟ್ಟಿ ಮೊಸರಿಗೆ ಪುಡಿ ಮಾಡಿದ ಅಗಸೆ ಬೀಜ, ಬಾದಾಮಿ ಚೂರು ಹಾಕಿ. ಕಡಲೆಹಿಟ್ಟು ಗೋಧಿ ಹಿಟ್ಟಿಗಿಂತ ವಾಸಿ, ಆದರೆ ಅದರಲ್ಲೂ ಅರ್ಧಕ್ಕಿಂತ ಜಾಸ್ತಿ ಕಾರ್ಬೇ. ಅದಕ್ಕೆ ಸೊಪ್ಪು, ತುರಿದ ತರಕಾರಿ ಧಾರಾಳವಾಗಿ ಸೇರಿಸಿ.

ಸಂಜೆ ಹಸಿವಿಗೆ ಒಂದು ಹಿಡಿ ಬಾದಾಮಿ ಅಥವಾ ಶೇಂಗಾ. ಗೋಡಂಬಿಯಲ್ಲಿ ಕಾರ್ಬ್ ಜಾಸ್ತಿ. ಹಣ್ಣು ತಿನ್ನಿ, ಜ್ಯೂಸ್ ಕುಡಿಯಬೇಡಿ. ಬೆಲ್ಲ, ಜೇನುತುಪ್ಪ ಹೆಚ್ಚುಕಡಿಮೆ ಸಕ್ಕರೆಯಷ್ಟೇ ಶುಗರ್ ಏರಿಸುತ್ತವೆ, ಆ ವಿಷಯದಲ್ಲಿ ಅನುಮಾನವೇ ಬೇಡ.

"ಶುಗರ್ ಫ್ರೀ" ಬಿಸ್ಕತ್ ಪ್ಯಾಕೆಟ್ ತಿರುಗಿಸಿ ಹಿಂಭಾಗ ಓದಿ. ಪದಾರ್ಥಗಳ ಪಟ್ಟಿಯ ಮೊದಲ ಹೆಸರು ಮೈದಾ ಅಥವಾ ಗೋಧಿ ಹಿಟ್ಟು ಆಗಿದ್ದರೆ ಅದು ಹಿಟ್ಟಿನ ತಿಂಡಿಯೇ, ಸಕ್ಕರೆ ಇಲ್ಲ ಅಷ್ಟೇ. ಸಕ್ಕರೆಯ ಸಾಲನ್ನು ಮಾತ್ರ ನೋಡದೆ ಒಟ್ಟು ಕಾರ್ಬೋಹೈಡ್ರೇಟ್ ಎಷ್ಟು ಅಂತ ನೋಡಿ. ಆ ಸಂಖ್ಯೆ 100 ಗ್ರಾಂಗೋ, ಎರಡು ಬಿಸ್ಕತ್ತಿಗೋ ಅನ್ನುವುದನ್ನೂ ನೋಡಿ.

ಮೀಟರ್ ಹೇಳುವುದನ್ನು ಕೇಳಿ

ಒಂದೇ ಊಟ ಇಬ್ಬರಿಗೆ ಎರಡು ತರಹ ಶುಗರ್ ಏರಿಸಬಹುದು. ಊಟಕ್ಕೆ ಮುಂಚೆ ಒಂದು ಸಲ, ಮೊದಲ ತುತ್ತಿನಿಂದ ಎರಡು ಗಂಟೆಗೆ ಇನ್ನೊಂದು ಸಲ ಚೆಕ್ ಮಾಡಿ, ಏನು ತಿಂದಿರಿ ಅಂತ ಪಕ್ಕದಲ್ಲೇ ಬರೆದಿಡಿ. ಹೆಚ್ಚಿನ ವಯಸ್ಕರಿಗೆ ಊಟದ ನಂತರ 180 ಒಳಗೆ ಇರಲಿ ಅನ್ನುತ್ತಾರೆ, ನಿಮಗೆ ಡಾಕ್ಟರ್ ಬೇರೆ ಗುರಿ ಹೇಳಿದ್ದರೆ ಅದೇ ಸರಿ. ಏರಿಕೆ ಜಾಸ್ತಿ ಕಂಡರೆ ಮುಂದಿನ ಸಲ ಅದೇ ಊಟದಲ್ಲಿ ಅನ್ನವನ್ನು ಮಾತ್ರ ಅರ್ಧ ಮಾಡಿ ಮತ್ತೆ ನೋಡಿ. ಒಂದೇ ಸಲಕ್ಕೆ ನಾಲ್ಕು ಬದಲಾವಣೆ ಮಾಡಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ ಅಲ್ವಾ.

ಕೊನೆಗೆ ಎರಡು ಸಣ್ಣ ವಿಷಯ. ಅನ್ನ ಕಡಿಮೆ ಮಾಡಿ ಆ ಜಾಗಕ್ಕೆ ಬೆಣ್ಣೆ, ಚೀಸ್ ಮಾತ್ರ ತುಂಬಿದರೆ ಕೊಲೆಸ್ಟ್ರಾಲ್ ಏರಬಹುದು, ಮಲಬದ್ಧತೆಯೂ ಶುರುವಾಗಬಹುದು. ತರಕಾರಿ, ಬೀಜಗಳು, ನೀರು ಇದಕ್ಕೆ ಪರಿಹಾರ. ಇನ್ನೊಂದು, ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಳ್ಳುವವರಲ್ಲಿ ವಿಟಮಿನ್ ಬಿ12 ಕಡಿಮೆಯಾಗಬಹುದು, ಸಸ್ಯಾಹಾರಿಗಳಿಗೆ ಅದು ಊಟದಿಂದಲೂ ಕಡಿಮೆಯೇ ಸಿಗುತ್ತದೆ. ಕಾಲು ಜುಮ್ ಅನ್ನುವುದನ್ನು ಶುಗರ್‌ನಿಂದಲೇ ಅಂದುಕೊಂಡು ಸುಮ್ನಿರಬೇಡಿ. ಮುಂದಿನ ಸಲ ರಕ್ತ ಪರೀಕ್ಷೆಗೆ ಹೋದಾಗ ಬಿ12 ಕೂಡ ಸೇರಿಸಿ ಅಂತ ಕೇಳಿ.