ಸುಟ್ಟ ಪೀಪಾಯಿಯ ಅಗ್ಗದ ಸ್ಕಾಚ್: ನಾನು ರುಚಿ ನೋಡಿದ ಬಗೆ

ಗ್ಲಾಸ್ಗೋದಲ್ಲಿ ನೆಲೆಸಿ ಹಲವು ವರ್ಷಗಳಾಗಿದ್ದರೂ, ಗಮನವಿಟ್ಟು ಸವಿಯಬೇಕಾದದ್ದು ಸಿಂಗಲ್ ಮಾಲ್ಟ್, ಅಂದರೆ ಒಂದೇ ಭಟ್ಟಿಯಲ್ಲಿ ಮೊಳಕೆ ಬಾರ್ಲಿಯಿಂದ ತಯಾರಾದ ವಿಸ್ಕಿ, ಮಾತ್ರ ಎಂಬ ನಂಬಿಕೆಯಲ್ಲೇ ನಾನಿದ್ದೆ. ಅದು ಬದಲಾದದ್ದು ಒಂದು ಅಗ್ಗದ ಬ್ಲೆಂಡೆಡ್ ಸ್ಕಾಚ್‌ನಿಂದ, ಅಂದರೆ ಮಾಲ್ಟ್ ವಿಸ್ಕಿಯನ್ನು ಇತರ ಧಾನ್ಯಗಳ ವಿಸ್ಕಿಯೊಡನೆ ಬೆರೆಸಿದ ಸ್ಕಾಚ್‌ನಿಂದ. ಇಲ್ಲಿ ಅಗ್ಗಕ್ಕೂ ಒಂದು ಮಿತಿಯಿದೆ. ಸ್ಕಾಟ್ಲೆಂಡ್‌ನಲ್ಲಿ 2024ರ ಸೆಪ್ಟೆಂಬರ್ 30ರಿಂದ ಮದ್ಯಸಾರದ ಪ್ರತಿ ಯೂನಿಟ್‌ಗೆ (10 ಮಿ.ಲೀ. ಶುದ್ಧ ಮದ್ಯಸಾರಕ್ಕೆ) ಕನಿಷ್ಠ 65 ಪೆನ್ಸ್ ಬೆಲೆ ನಿಗದಿಯಾಗಿದೆ. ಶೇ. 40ರ ತೀಕ್ಷ್ಣತೆಯ 700 ಮಿ.ಲೀ. ಬಾಟಲಿಯಲ್ಲಿ 28 ಯೂನಿಟ್ ಇರುವುದರಿಂದ 18 ಪೌಂಡ್ 20 ಪೆನ್ಸ್‌ಗಿಂತ ಕಡಿಮೆಗೆ ಅದನ್ನು ಮಾರುವಂತಿಲ್ಲ. ನಾನು ತಂದದ್ದು ಈ ಮಿತಿಗಿಂತ ತುಸುವೇ ಮೇಲಿನದು. ಒಳಮೈ ಸುಟ್ಟ ಪೀಪಾಯಿಯಲ್ಲಿ ಮಾಗಿಸಿದ್ದು ಎಂದು ಅದರ ಲೇಬಲ್ ದೊಡ್ಡದಾಗಿ ಸಾರುತ್ತಿತ್ತು.

‘ಸುಟ್ಟ’ ಎಂಬ ಮಾತು ಓದಿ ನಾನು ಹೊಗೆಯ ವಾಸನೆಯನ್ನು ನಿರೀಕ್ಷಿಸಿದ್ದೆ. ಮೊದಲ ದಿನ ಲೋಟವನ್ನು ಜೋರಾಗಿ ತಿರುಗಿಸಿ ಮೂಗನ್ನು ನೇರವಾಗಿ ಒಳಗೆ ಹಿಡಿದೆ. ಮದ್ಯಸಾರದ ಆವಿ ಮೂಗಿಗೆ ಬಡಿದು, ಮುಂದಿನ ಹತ್ತು ನಿಮಿಷ ಯಾವ ಪರಿಮಳವೂ ತಿಳಿಯಲಿಲ್ಲ. ಆ ದಿನದ ಪ್ರಯತ್ನವನ್ನು ಅಲ್ಲಿಗೇ ಬಿಟ್ಟೆ.

ಎರಡನೆಯ ಬಾರಿ ಕ್ರಮವಾಗಿ ಸಿದ್ಧನಾದೆ. ಒಂದು ಗಂಟೆ ಮೊದಲಿನಿಂದ ಕಾಫಿ, ಒಗ್ಗರಣೆ, ಸುಗಂಧದ ಸೋಪು ಎಲ್ಲವನ್ನೂ ದೂರವಿಟ್ಟೆ. ಅದೇ ಬೆಲೆಯ ಸಾಮಾನ್ಯ ಬ್ಲೆಂಡೆಡ್ ಸ್ಕಾಚ್ ಒಂದನ್ನೂ ತಂದಿಟ್ಟುಕೊಂಡೆ, ಏಕೆಂದರೆ ಪಕ್ಕದಲ್ಲಿ ಹೋಲಿಕೆಗೆ ಇನ್ನೊಂದಿಲ್ಲದಿದ್ದರೆ ಯಾವ ಗುಣ ಪೀಪಾಯಿಯದು, ಯಾವುದು ಎಲ್ಲ ವಿಸ್ಕಿಗೂ ಸಮಾನವಾದದ್ದು ಎಂದು ಬೇರ್ಪಡಿಸಲಾಗದು. ಬಾಯಿ ಕಿರಿದಾದ ಎರಡು ಗ್ಲೆನ್‌ಕೇರ್ನ್ ಲೋಟಗಳಿಗೆ ತಲಾ 20 ಮಿ.ಲೀ. ಸುರಿದು, ತಳದಲ್ಲಿ ಗುರುತು ಹಾಕಿ, ಸ್ಥಳ ಅದಲುಬದಲು ಮಾಡುವಂತೆ ಹೆಂಡತಿಯನ್ನು ಕೇಳಿಕೊಂಡೆ. ಬಣ್ಣವನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. 2009ರ ಸ್ಕಾಚ್ ವಿಸ್ಕಿ ನಿಯಮಗಳು ನೀರಿನ ಜೊತೆಗೆ ಸಾದಾ ಕ್ಯಾರಮೆಲ್ ಬಣ್ಣವನ್ನೂ ಸೇರಿಸಲು ಅವಕಾಶ ಕೊಡುವುದರಿಂದ ಕಡು ಕಂದು ಬಣ್ಣವು ಮರದ ಗುಣಕ್ಕೆ ಸಾಕ್ಷಿಯಾಗುವುದಿಲ್ಲ.

ತುಸು ಬಾಯಿ ತೆರೆದು, ಲೋಟವನ್ನು ಗಲ್ಲದ ಮಟ್ಟದಿಂದ ನಿಧಾನವಾಗಿ ಮೇಲಕ್ಕೆ ತಂದೆ. ಒಂದು ಲೋಟದಲ್ಲಿ ಹಸಿ ಧಾನ್ಯ, ಸೇಬು, ಸ್ವಲ್ಪ ಖಾರವಾದ ಆವಿ ಇದ್ದವು. ಇನ್ನೊಂದರಲ್ಲಿ ವೆನಿಲ್ಲಾ, ಒಣಕೊಬ್ಬರಿ, ಅವುಗಳ ಹಿಂದೆ ಹೆಸರಿಗೆ ಸಿಗದ ಒಂದು ಗಾಢವಾದ ಸಿಹಿ. ಮಂಡ್ಯದ ಕಡೆಯವಳಾದ ಹೆಂಡತಿ ಕುಡಿಯುವುದಿಲ್ಲ. ಒಮ್ಮೆ ಮೂಸಿ ನೋಡಿದವಳೇ, “ಇದು ಆಲೆಮನೆ ವಾಸನೆ ರೀ, ಪಾಕ ಇಳಿಸೋ ಹೊತ್ತಿಂದು” ಎಂದಳು. ನಾನು ಹುಡುಕುತ್ತಿದ್ದ ಹೆಸರು ಅದೇ. ತಳದ ಗುರುತು ನೋಡಿದಾಗ ಅದು ಸುಟ್ಟ ಪೀಪಾಯಿಯ ವಿಸ್ಕಿಯೇ ಆಗಿತ್ತು.

ನಮ್ಮ ದೇಶದ ಅನೇಕ ಅಗ್ಗದ ವಿಸ್ಕಿಗಳಲ್ಲಿ ಕಬ್ಬಿನ ಕಾಕಂಬಿಯ ಮದ್ಯಸಾರವಿರುತ್ತದೆ, ಆದರೆ ಸ್ಕಾಚ್‌ನಲ್ಲಿ ಧಾನ್ಯವಲ್ಲದೆ ಬೇರೇನೂ ಹುದುಗುವಂತಿಲ್ಲ. ಹಾಗಿದ್ದ ಮೇಲೆ ಈ ಬೆಲ್ಲದ ಪರಿಮಳ ಬಂದದ್ದು ಓಕ್ ಮರದಿಂದಲೇ. ಪೀಪಾಯಿಯ ಒಳಮೈಯನ್ನು ಒಂದು ನಿಮಿಷಕ್ಕೂ ಕಡಿಮೆ ಕಾಲ ಬೆಂಕಿಗೆ ಒಡ್ಡಿದರೂ ಸಾಕು, ಇದ್ದಿಲಿನ ಪದರದ ಹಿಂದೆ ಮರದ ಹೆಮಿಸೆಲ್ಯುಲೋಸ್ ಒಡೆದು ಸಕ್ಕರೆಗಳಾಗಿ ಪಾಕಗೊಳ್ಳುತ್ತದೆ, ಲಿಗ್ನಿನ್ ಒಡೆದು ವೆನಿಲಿನ್ ಹುಟ್ಟುತ್ತದೆ. ಕೊಬ್ಬರಿಯ ಪರಿಮಳ ಅಮೆರಿಕದ ಬಿಳಿ ಓಕ್‌ನಲ್ಲಿ ಹೇರಳವಾಗಿರುವ ಲ್ಯಾಕ್ಟೋನ್‌ಗಳದು. ಇದ್ದಿಲಾದರೋ ಹೊಸ ಮದ್ಯದ ಗಂಧಕದ ವಾಸನೆಯನ್ನು ಹೀರಿಕೊಳ್ಳುತ್ತದೆ. ಸ್ಕಾಚ್‌ನಲ್ಲಿ ಸಿಗುವ ಹೊಗೆಯ ಮೂಲವೇ ಬೇರೆ: ಮೊಳಕೆ ಬಂದ ಬಾರ್ಲಿಯನ್ನು ಜೌಗುನೆಲದಲ್ಲಿ ಕೊಳೆತ ಗಿಡಗಳಿಂದಾದ ಪೀಟ್ ಎಂಬ ಮಣ್ಣನ್ನು ಉರಿಸಿ ಒಣಗಿಸಿದಾಗ ಅಂಟಿಕೊಳ್ಳುವ ಫಿನಾಲ್‌ಗಳು ಅದನ್ನು ಕೊಡುತ್ತವೆ. ಸುಟ್ಟ ಮರದಲ್ಲಿ ಹೊಗೆಯನ್ನು ಹುಡುಕಿದ್ದೇ ನನ್ನ ಮೊದಲ ತಪ್ಪು.

ಲೇಬಲ್ಲಿನ ಘೋಷಣೆಯ ಬಗ್ಗೆಯೂ ಒಂದು ಮಾತು ಹೇಳಬೇಕು. ಬರ್ಬನ್ ವಿಸ್ಕಿಯನ್ನು ಸುಟ್ಟ ಹೊಸ ಓಕ್‌ನಲ್ಲೇ ಇಡಬೇಕೆಂಬುದು ಅಮೆರಿಕದ ಕಾನೂನು. ಅಲ್ಲಿ ಒಮ್ಮೆ ಬಳಸಿದ ಆ ಪೀಪಾಯಿಗಳೇ ಸ್ಕಾಟ್ಲೆಂಡ್‌ಗೆ ಬಂದು ಮತ್ತೆ ಮತ್ತೆ ತುಂಬಿಸಲ್ಪಡುತ್ತವೆ. ಆದ್ದರಿಂದ ಹೆಚ್ಚಿನ ಸ್ಕಾಚ್ ಸುಟ್ಟ ಮರದಲ್ಲೇ ಮಾಗಿರುತ್ತದೆ. ನಿಜವಾದ ವ್ಯತ್ಯಾಸ ಇರುವುದು ಆ ಸುಡುವಿಕೆ ಎಷ್ಟು ಹೊಸದು ಎಂಬುದರಲ್ಲಿ. ಸವೆದ ಪೀಪಾಯಿಯ ಒಳಮೈ ಕೆರೆದು ಮತ್ತೆ ಸುಟ್ಟಾಗ ಮಾತ್ರ ಈ ಸಿಹಿ ಹೊಸದಾಗಿ ದೊರೆಯುತ್ತದೆ.

ನಾಲಿಗೆಯ ಮೇಲೆ ಮೊದಲು ಸಿಹಿ, ಆಮೇಲೆ ಲವಂಗದ ಚುರುಕು, ಕೊನೆಯಲ್ಲಿ ಮರದ ಒಗರು ತಿಳಿದವು. ರುಚಿ ಬಾಯಲ್ಲಿ ಬಹಳ ಹೊತ್ತು ನಿಲ್ಲಲಿಲ್ಲ. ಗೋಧಿ, ಮೆಕ್ಕೆಜೋಳದಂಥ ಧಾನ್ಯದ ಹಗುರ ವಿಸ್ಕಿಯೇ ಹೆಚ್ಚಿರುವ ಬ್ಲೆಂಡ್‌ನಿಂದ ಅದನ್ನು ನಿರೀಕ್ಷಿಸುವುದೂ ನ್ಯಾಯವಲ್ಲ. ನಂತರ 5 ಮಿ.ಲೀ. ನೀರು ಬೆರೆಸಿ ತೀಕ್ಷ್ಣತೆಯನ್ನು ಶೇ. 32ರ ಆಸುಪಾಸಿಗೆ ಇಳಿಸಿದಾಗ ಖಾರ ಸರಿದು ವೆನಿಲ್ಲಾ ಮುಂದೆ ಬಂತು. ನನ್ನ ಮಟ್ಟಿಗೆ ಇದೇ ಈ ವಿಸ್ಕಿಯ ಅತ್ಯುತ್ತಮ ಸ್ಥಿತಿ. ಇನ್ನಷ್ಟು ನೀರು ಹಾಕಿದಾಗ ರುಚಿ ತೆಳುವಾಯಿತು, ಮಂಜುಗಡ್ಡೆ ಹಾಕಿದಾಗ ಬೆಲ್ಲದ ಪರಿಮಳ ಪೂರ್ತಿ ಅಡಗಿತು.

ಬರಿದಾದ ಲೋಟಗಳನ್ನು ಅಂದು ತೊಳೆಯದೆ ಹಾಗೆಯೇ ಇಟ್ಟಿದ್ದೆ. ಮದ್ಯಸಾರವೆಲ್ಲ ಆರಿಹೋದ ಮೇಲೆ, ಮರುದಿನ ಬೆಳಿಗ್ಗೆ, ಸಾಮಾನ್ಯ ಬ್ಲೆಂಡ್‌ನ ಲೋಟದಲ್ಲಿ ಏನೂ ಉಳಿದಿರಲಿಲ್ಲ. ಇನ್ನೊಂದರಲ್ಲಿ ಸಿಹಿ ಪೂರ್ತಿ ಹೋಗಿ, ಆರಿದ ಒಲೆಯ ಸೌದೆಯ ವಾಸನೆ ತೀರಾ ಸಣ್ಣಗೆ ಉಳಿದಿತ್ತು.